ದೊಡ್ಡ ಹಾರ್ಡ್ ಡಿಸ್ಕ್ ನಾಸ್‌ಗೆ ಸಿಕ್ಕಿಸಿದ್ರೆ ಕಾಣುದಿಲ್ವಾ? ‘ಫಾರ್ಮ್ಯಾಟ್’ ಒತ್ತುವ ಮೊದಲು ಇದನ್ನೊಮ್ಮೆ ಓದಿ

ಉಡುಪಿ: ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ, ಮದುವೆ ಮುಹೂರ್ತಗಳು ಕಡಿಮೆಯಾಗಿ, ಮಳೆ ಹಿಡಿದ ಮೇಲೆ ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಇನ್ನೊಂದು ಕೆಲಸ ಶುರುವಾಗ್ತದೆ. ಸೀಸನ್‌ನ ಫೋಟೋ, ವಿಡಿಯೋ ಎಲ್ಲ ಒಂದು ಕಡೆ ಸೇರಿಸಿ ಇಡುವ ಕೆಲಸ. ಇದು ಸ್ಟುಡಿಯೋಗಳಿಗೆ ಮಾತ್ರ ಅಲ್ಲ. ಜಿಎಸ್‌ಟಿ ಲೆಕ್ಕ ಇಡುವ ಅಂಗಡಿಯವರಿಗೂ, ಮಕ್ಕಳ ಫೋಟೋದಿಂದ ಮೊಬೈಲ್ ತುಂಬಿಸಿಕೊಂಡ ಮನೆಯವರಿಗೂ ಉಂಟು. ಹಾಗಾಗಿ 4 ಟಿಬಿ, 8 ಟಿಬಿ ಹಾರ್ಡ್ ಡಿಸ್ಕ್ ತರುವವರು ಈಗ ಕಾಪು, ಕಾರ್ಕಳದಲ್ಲೂ ಇದ್ದಾರೆ.

ತಂದದ್ದನ್ನು ಮನೆಯ ನಾಸ್ ಪೆಟ್ಟಿಗೆಗೋ ವೈಫೈ ರೌಟರ್‌ನ ಹಿಂದಿರುವ ಯುಎಸ್‌ಬಿ ಕಿಂಡಿಗೋ ಸಿಕ್ಕಿಸಿದ್ರೆ ಕೆಲವೊಮ್ಮೆ ಏನೂ ಕಾಣುದಿಲ್ಲ. ಕೆಲವೊಮ್ಮೆ ಅರ್ಧ ಜಾಗ ಮಾತ್ರ ಕಾಣ್ತದೆ. ಆಗ ಹೆಚ್ಚಿನವರು ಡಿಸ್ಕೇ ಹಾಳು ಅಂತ ತಿಳ್ಕೊಳ್ತಾರೆ. ಇಲ್ಲದಿದ್ರೆ ಪರದೆ ಮೇಲೆ ಬಂದ ‘ಫಾರ್ಮ್ಯಾಟ್’ ಗುಂಡಿ ಒತ್ತಿ ಇದ್ದದ್ದನ್ನೂ ಕಳ್ಕೊಳ್ತಾರೆ. ಇಂಥ ಹೆಚ್ಚಿನ ಸಂದರ್ಭಗಳಲ್ಲಿ ಡಿಸ್ಕ್ ಸರಿಯಾಗಿಯೇ ಇರ್ತದೆ. ಅಡ್ಡ ಬರುದು ಬೇರೆ ನಾಲ್ಕೈದು ಸಂಗತಿಗಳು. ಒಂದೊಂದಾಗಿ ನೋಡುವ.

ನಾಸ್ ಅಂದ್ರೆ ಎಂತದು?

ಮನೆಯ ಅಥವಾ ಅಂಗಡಿಯ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳು ನೆಟ್‌ವರ್ಕ್ ಮೂಲಕ ಬಳಸುವ ಒಂದೇ ಕಪಾಟು ಅಂತ ತಿಳ್ಕೊಳ್ಳಿ. ಇದರಲ್ಲಿ ಮೂರು ಬಗೆ. ಒಂದು, ಸೈನಾಲಜಿ, ಕ್ಯೂನ್ಯಾಪ್‌ನಂಥ ಕಂಪನಿಗಳ ಪ್ರತ್ಯೇಕ ಪೆಟ್ಟಿಗೆ. ಎರಡು, ಯುಎಸ್‌ಬಿ ಕಿಂಡಿ ಇರುವ ವೈಫೈ ರೌಟರ್. ಮೂರು, ಹಳೇ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಹಲಗೆಯಲ್ಲಿ ಲಿನಕ್ಸ್ ಹಾಕಿ ಮಾಡಿಕೊಂಡದ್ದು. ಮೂರರ ಒಳಗೂ ನಡಿಯುದು ಹೆಚ್ಚಾಗಿ ಲಿನಕ್ಸೇ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಸಲೀಸಾಗಿ ತೆರೆಯುವ ಡಿಸ್ಕ್ ಇಲ್ಲಿ ತಕರಾರು ಮಾಡುದಕ್ಕೆ ಅದೂ ಒಂದು ಕಾರಣ.

ಮೊದಲು ನೋಡಬೇಕಾದ್ದು ಕರೆಂಟ್

ಅಂಗೈ ಅಗಲದ ಸಣ್ಣ ಡಿಸ್ಕ್‌ಗಳಿಗೆ ಬೇರೆ ಅಡಾಪ್ಟರ್ ಇರುದಿಲ್ಲ, ಯುಎಸ್‌ಬಿ ಕೇಬಲ್‌ನಿಂದಲೇ ಕರೆಂಟ್ ಎಳೆಯುತ್ತವೆ. ನಿಯಮದ ಪ್ರಕಾರ ಹಳೇ ಯುಎಸ್‌ಬಿ 2.0 ಕಿಂಡಿ ಕೊಡುದು 500 ಮಿಲಿ ಆಂಪಿಯರ್, ಯುಎಸ್‌ಬಿ 3.0 ಕೊಡುದು 900. ಡಿಸ್ಕ್ ತಿರುಗಲು ಶುರು ಮಾಡುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದು. ರೌಟರ್‌ನ ಕಿಂಡಿ ಸೋತರೆ ಡಿಸ್ಕ್ ಟಿಕ್ ಟಿಕ್ ಅಂತದೆ, ದೀಪ ಹತ್ತಿ ಆರ್ತದೆ, ಕಾಣಿಸಿಕೊಂಡು ಮತ್ತೆ ಮಾಯ ಆಗ್ತದೆ. ರಾಸ್ಪ್‌ಬೆರಿ ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಕಿಂಡಿಗಳಿಗೆ ಸೇರಿ ಸಿಗುದು 1.2 ಆಂಪಿಯರ್ ಮಾತ್ರ. ಎರಡು ಡಿಸ್ಕ್ ಹಾಕಿದ್ರೆ ಸಾಕಾಗುದಿಲ್ಲ.

ಇದಕ್ಕೆ ಪರಿಹಾರ ಎರಡು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮಧ್ಯದಲ್ಲಿ ಹಾಕುದು, ಅಥವಾ 12 ವೋಲ್ಟ್ ಅಡಾಪ್ಟರ್ ಜೊತೆ ಬರುವ ದೊಡ್ಡ 3.5 ಇಂಚಿನ ಡಿಸ್ಕನ್ನೇ ಕೊಳ್ಳುದು. 8 ಟಿಬಿಯಂಥ ದೊಡ್ಡವು ಹೇಗೂ ಈ ಬಗೆಯವೇ. ಒಂದು ಜಾಗ್ರತೆ: ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್‌ನ ಪಿನ್ ಕೆಲವು ಡಿಸ್ಕ್‌ಗಳಿಗೂ ಕೂತುಬಿಡ್ತದೆ. ಹಾಕಿದ್ರೆ ಡಿಸ್ಕ್ ಸುಟ್ಟೇ ಹೋಗಬಹುದು. ಅಡಾಪ್ಟರ್ ಮೇಲೆ ಯಾವ ಡಿಸ್ಕಿನದು ಅಂತ ಒಂದು ಚೀಟಿ ಅಂಟಿಸಿಡಿ.

ಕೇಬಲ್ ಕೂಡ ನೋಡಿ. ಯುಎಸ್‌ಬಿ 3.0 ಡಿಸ್ಕ್‌ಗಳ ಅಗಲ ತಲೆಯ ಕಿಂಡಿಗೆ ಹಳೇ ಮೊಬೈಲ್ ಚಾರ್ಜರ್‌ನ ಕೇಬಲ್ ಅರ್ಧ ಕೂರ್ತದೆ, ಕೆಲಸವನ್ನೂ ಮಾಡ್ತದೆ. ಆದರೆ ವೇಗ ಹಳೇ 2.0ಕ್ಕೆ ಇಳೀತದೆ.

2 ಟಿಬಿಯ ಗೋಡೆ

ಈಗ ‘ದೊಡ್ಡ’ ಅನ್ನುವ ಮಾತಿಗೆ ಬರುವ. ಹಾರ್ಡ್ ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್ ಎಂಬ ಸಣ್ಣ ಸಣ್ಣ ಮನೆಗಳಾಗಿ ಲೆಕ್ಕ ಹಾಕ್ತದೆ. ವಾಡಿಕೆಯಲ್ಲಿ ಒಂದು ಮನೆಗೆ 512 ಬೈಟ್. ಎಂಬಿಆರ್ ಎಂಬ ಹಳೇ ಪದ್ಧತಿಯ ಪಟ್ಟಿಯಲ್ಲಿ ಮನೆ ನಂಬ್ರ ಬರೆಯಲು ಇರುದು 32 ಬಿಟ್ ಜಾಗ. ಅಂದರೆ ಸುಮಾರು 429 ಕೋಟಿ ಮನೆಗಳ ತನಕ ಎಣಿಸಬಹುದು. 429 ಕೋಟಿಯನ್ನು 512ರಿಂದ ಗುಣಿಸಿದ್ರೆ ಕಂಪನಿ ಲೆಕ್ಕದಲ್ಲಿ 2.2 ಟಿಬಿ, ವಿಂಡೋಸ್ ಲೆಕ್ಕದಲ್ಲಿ 2 ಟಿಬಿ. ಅದರಾಚೆಗೆ ನಂಬ್ರವೇ ಇಲ್ಲ. ಪಂಚಾಯತ್ ಪುಸ್ತಕದಲ್ಲಿ ಮೂರೇ ಅಂಕೆ ಬರೆಯಲು ಜಾಗ ಇದ್ರೆ ಸಾವಿರನೇ ಮನೆಗೆ ನಂಬ್ರ ಕೊಡ್ಲಿಕ್ಕೆ ಆಗ್ತದಾ? ಹಾಗೆಯೇ ಇದು.

ಹೊಸ ಪದ್ಧತಿ ಜಿಪಿಟಿ. ಅದರಲ್ಲಿ ನಮಗೆ ನಿಮಗೆ ತಟ್ಟುವಂಥ ಮಿತಿ ಇಲ್ಲ. ಆದರೆ ಹತ್ತು ಹನ್ನೆರಡು ವರ್ಷ ಹಳೆಯ ರೌಟರ್, ನಾಸ್‌ಗಳಲ್ಲಿ ಕೆಲವಕ್ಕೆ ಜಿಪಿಟಿ ಓದಲು ಬರುದಿಲ್ಲ. ಅವುಗಳಲ್ಲಿ 3 ಟಿಬಿ ಡಿಸ್ಕ್ ಕೆಲವೊಮ್ಮೆ 746 ಜಿಬಿ ಅಂತ ಕಾಣ್ತದೆ. ಎಣಿಕೆ 2 ಟಿಬಿಗೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾದದ್ದರ ಗುರುತು ಅದು. ಇಂಥ ಪೆಟ್ಟಿಗೆಯಲ್ಲಿ ಬರೆಯಲು ಹೋಗ್ಬೇಡಿ. ಹೊಸತು ಹಳೆಯದರ ಮೇಲೆಯೇ ಕೂತು ಎರಡೂ ಹಾಳಾಗುವ ಅಪಾಯ ಉಂಟು. ಮೊದಲು ಕಂಪನಿಯ ವೆಬ್‌ಸೈಟ್‌ನಿಂದ ಫರ್ಮ್‌ವೇರ್ ಹೊಸತು ಮಾಡಿ. ಆಗದಿದ್ರೆ ಆ ಪೆಟ್ಟಿಗೆಗೆ 2 ಟಿಬಿಯೇ ಮಿತಿ ಅಂತ ಒಪ್ಪಿಕೊಳ್ಳಿ.

ಇನ್ನೊಂದು ಗೊಂದಲ. 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಟಿಬಿ, 8 ಟಿಬಿ ಡಿಸ್ಕ್ 7.27 ಟಿಬಿ ಅಂತ ಕಾಣ್ತದೆ. ಇದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸಿದ್ರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸ್ತದೆ. ಜಾಗ ಅಷ್ಟೇ, ಅಳತೆಯ ಸೇರು ಬೇರೆ. ಇದಕ್ಕಾಗಿ ಅಂಗಡಿಯವರ ಹತ್ರ ಜಗಳ ಬೇಡ.

ಕೆಲವು ಹಳೇ 3 ಟಿಬಿ, 4 ಟಿಬಿ ಡಿಸ್ಕ್‌ಗಳ ಹೊರಗವಚದಲ್ಲಿ ಒಂದು ಉಪಾಯ ಮಾಡಿದ್ದರು. ಸಣ್ಣ ಎಂಟು ಮನೆಗಳನ್ನು ಒಂದೇ 4096 ಬೈಟ್‌ನ ಮನೆ ಅಂತ ತೋರಿಸಿ ಎಂಬಿಆರ್ ಗೋಡೆ ಹಾರಿಸುದು. ಅಂಥ ಡಿಸ್ಕನ್ನು ಕವಚ ಬಿಚ್ಚಿ ನೇರ ನಾಸ್ ಒಳಗೆ ಹಾಕಿದ್ರೆ ಲೆಕ್ಕ ತಪ್ಪಿ ಡಿಸ್ಕ್ ಖಾಲಿ ಅಂತ ಕಾಣ್ತದೆ. ಹೆದರ್ಬೇಡಿ, ಏನನ್ನೂ ಬರೀಬೇಡಿ. ಅದೇ ಕವಚಕ್ಕೆ ವಾಪಸ್ ಹಾಕಿದ್ರೆ ಎಲ್ಲ ಕಾಣ್ತದೆ.

ಯಾವ ಫಾರ್ಮ್ಯಾಟ್ ಇಡುದು?

ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸುವ ಕ್ರಮಕ್ಕೆ ಫೈಲ್ ಸಿಸ್ಟಂ ಅಂತಾರೆ. ನಮಗೆ ಬೇಕಾದ್ದು ನಾಲ್ಕು.

ಫ್ಯಾಟ್32: ಎಲ್ಲದರಲ್ಲೂ ಓದ್ತದೆ. ಆದರೆ ಒಂದೇ ಫೈಲ್ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ವಿಡಿಯೋ ತೆಗೆಯುವವರಿಗೆ ಹನ್ನೊಂದೂವರೆ ನಿಮಿಷಕ್ಕೇ 4 ಜಿಬಿ ಮುಗೀತದೆ. ವಿಡಿಯೋದವರಿಗೆ ಇದು ಉಪಯೋಗ ಇಲ್ಲ.

ಎನ್‌ಟಿಎಫ್‌ಎಸ್: ವಿಂಡೋಸ್‌ನದ್ದು. ಹೆಚ್ಚಿನ ನಾಸ್‌ಗಳು ಓದಿ ಬರೀತವೆ. ಕೆಲವು ರೌಟರ್‌ಗಳು ಓದ್ತವೆ ಅಷ್ಟೇ, ಬರೆಯುದಿಲ್ಲ. ಮ್ಯಾಕ್ ಕೂಡ ತಾನಾಗಿ ಬರೆಯುದಿಲ್ಲ.

ಎಕ್ಸ್‌ಫ್ಯಾಟ್: ವಿಂಡೋಸ್, ಮ್ಯಾಕ್, ಕ್ಯಾಮೆರಾ ಮೂರಕ್ಕೂ ಆಗ್ತದೆ. ಆದರೆ ಮೈಕ್ರೋಸಾಫ್ಟ್ ಇದರ ವಿವರವನ್ನು ಎಲ್ಲರಿಗೂ ತೆರೆದಿಟ್ಟದ್ದು 2019ರಲ್ಲಿ. ಅದಕ್ಕಿಂತ ಹಳೆಯ ಅನೇಕ ನಾಸ್‌ಗಳಿಗೆ ಇದು ಗೊತ್ತೇ ಇಲ್ಲ. ಹೊಸ ಡಿಸ್ಕ್‌ಗಳಲ್ಲಿ ಹಲವು ಇದರಲ್ಲೇ ಬರುದರಿಂದ ‘ಡಿಸ್ಕ್ ಕಾಣುದಿಲ್ಲ’ ಅನ್ನುವ ದೂರಿಗೆ ಇದೊಂದು ದೊಡ್ಡ ಕಾರಣ. ಬರೆಯುವಾಗ ಕರೆಂಟ್ ಹೋದ್ರೆ ಸುಧಾರಿಸಿಕೊಳ್ಳುವ ಜರ್ನಲ್ ವ್ಯವಸ್ಥೆಯೂ ಇದರಲ್ಲಿ ಇಲ್ಲ.

ಇಎಕ್ಸ್‌ಟಿ4: ಲಿನಕ್ಸ್‌ನದ್ದು, ನಾಸ್‌ಗೆ ಸ್ವಂತ ಮನೆಯ ಭಾಷೆ. ಜರ್ನಲ್ ಉಂಟು, ಗಟ್ಟಿ. ಆದರೆ ನೇರವಾಗಿ ವಿಂಡೋಸ್‌ಗೆ ಸಿಕ್ಕಿಸಿದ್ರೆ ಓದುದಿಲ್ಲ.

ಹಾಗಾದ್ರೆ ಆಯ್ಕೆ ಸುಲಭ. ಡಿಸ್ಕ್ ನಾಸ್‌ಗೆ ಕಾಯಂ ಅಂಟಿಕೊಂಡೇ ಇರುದಾದ್ರೆ ಇಎಕ್ಸ್‌ಟಿ4. ಅದನ್ನೇ ಕಳಚಿ ವಿಂಡೋಸ್ ಕಂಪ್ಯೂಟರ್‌ಗೂ ಹಾಕುದಾದ್ರೆ ಎನ್‌ಟಿಎಫ್‌ಎಸ್. ಮ್ಯಾಕ್ ಇರುವ ಸ್ಟುಡಿಯೋ ಆದ್ರೆ, ನಾಸ್ ಒಪ್ಪುದಾದ್ರೆ ಮಾತ್ರ ಎಕ್ಸ್‌ಫ್ಯಾಟ್.

ಒತ್ತಬಾರದ ಎರಡು ಗುಂಡಿ

ನಾಸ್‌ನಲ್ಲಿ ಬಳಸಿದ ಡಿಸ್ಕನ್ನು ವಿಂಡೋಸ್‌ಗೆ ಹಾಕಿದ್ರೆ ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳ್ತದೆ. ಇನ್ನು ಕೆಲವೊಮ್ಮೆ ‘ಇನಿಶಿಯಲೈಸ್’ ಮಾಡ್ಲಾ ಅಂತ ಕೇಳ್ತದೆ. ಎರಡಕ್ಕೂ ಬೇಡ ಅನ್ನಿ. ಡಿಸ್ಕ್ ಖಾಲಿ ಅಂತ ಅದು ಹೇಳಿದ್ದಲ್ಲ, ‘ನನಗೆ ಈ ಭಾಷೆ ಬರುದಿಲ್ಲ’ ಅಂತ ಹೇಳಿದ್ದು ಅಷ್ಟೆ. ಅದೇ ರೀತಿ ಫೋಟೋ ತುಂಬಿದ ಡಿಸ್ಕನ್ನು ಹೊಸ ನಾಸ್‌ಗೆ ಹಾಕಿದಾಗ ಅದು ಫಾರ್ಮ್ಯಾಟ್ ಕೇಳಿದ್ರೆ ನಿಲ್ಲಿಸಿ, ಡಿಸ್ಕ್ ಕಳಚಿ, ಮೊದಲು ಬೇರೆ ಕಡೆ ಪ್ರತಿ ಮಾಡಿ. ಅಳಿಸಿದ ಮೇಲೆ ಮರಳಿ ತೆಗೆಸುವ ಕೆಲಸ ದುಬಾರಿ, ಅದೂ ಎಲ್ಲ ಸಿಗ್ತದೆ ಅನ್ನುವ ಖಾತ್ರಿ ಇಲ್ಲ.

ಡಿಸ್ಕ್ ತೆಗೆಯುವಾಗಲೂ ಹಾಗೆ. ಕೇಬಲ್ ಎಳೆಯುವ ಮೊದಲು ನಾಸ್‌ನ ಸೆಟ್ಟಿಂಗ್‌ನಲ್ಲಿ ‘ಇಜೆಕ್ಟ್’ ಕೊಡ್ಲೇಬೇಕು. ಕಂಪ್ಯೂಟರ್‌ನಲ್ಲಿ ಕಾಪಿ ಮುಗಿದ ಹಾಗೆ ಕಂಡ್ರೂ ನಾಸ್ ಇನ್ನೂ ಬರೀತಾ ಇರಬಹುದು.

ಎಷ್ಟು ಹೊತ್ತು ಬೇಕು?

ಒಂದು ಲೆಕ್ಕ ಹಾಕುವ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ಗಂಟೆಗೆ 22.5 ಜಿಬಿ ವಿಡಿಯೋ. ರಾತ್ರಿಯಿಡೀ ಎಂಟು ಗಂಟೆಯ ಬಯಲಾಟ ಒಂದೇ ಕ್ಯಾಮೆರಾದಲ್ಲಿ ತೆಗೆದ್ರೆ 180 ಜಿಬಿ. ಇಂಥ ಐದಾರು ಆಟ ಸೇರಿದ್ರೆ 1 ಟಿಬಿ ಭರ್ತಿ.

ಈ 1 ಟಿಬಿಯನ್ನು ಸಾಗಿಸಲು ಹಳೇ 100 ಮೆಗಾಬಿಟ್ ಲ್ಯಾನ್ ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿಯಂತೆ 25 ಗಂಟೆ ಬೇಕು. ಯುಎಸ್‌ಬಿ 2.0 ಕಿಂಡಿಯಾದ್ರೆ 30 ಎಂಬಿಯಂತೆ ಒಂಬತ್ತು ಗಂಟೆಗೂ ಮೇಲೆ. ಗಿಗಾಬಿಟ್ ಲ್ಯಾನ್ ಮತ್ತು ಯುಎಸ್‌ಬಿ 3.0 ಎರಡೂ ಇದ್ರೆ 100 ಎಂಬಿಯಂತೆ ಮೂರು ಗಂಟೆಯೊಳಗೆ. ಇಡೀ ದಾರಿಯಲ್ಲಿ ಅತಿ ಸಪುರ ಸೇತುವೆ ಯಾವುದೋ ಅದರದ್ದೇ ವೇಗ. ನಾಸ್, ರೌಟರ್, ಕೇಬಲ್, ಲ್ಯಾಪ್‌ಟಾಪ್‌ನಲ್ಲಿ ಒಂದು ಹಳತಾದ್ರೂ ಉಳಿದದ್ದೆಲ್ಲ ಅದಕ್ಕೇ ಕಾಯ್ತದೆ. ಹಾಗಾಗಿ ಮೊದಲ ಸಲದ ದೊಡ್ಡ ಕಾಪಿಯನ್ನು ವೈಫೈಯಲ್ಲಿ ಮಾಡ್ಬೇಡಿ, ಲ್ಯಾನ್ ಕೇಬಲ್ ಹಾಕಿ.

ಸಣ್ಣ ಡಿಸ್ಕ್‌ಗಳಲ್ಲಿ ಹಲವು ಎಸ್‌ಎಂಆರ್ ಎಂಬ ಬಗೆಯವು. ಹಂಚು ಹೊದೆಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಸಾಲು ಬರೆಯುವ ಕ್ರಮ. ಶುರುವಿನಲ್ಲಿ ವೇಗ ಚೆನ್ನಾಗಿದ್ದು ನೂರಾರು ಜಿಬಿ ಒಂದೇ ಸಮನೆ ಹಾಕಿದಾಗ ಕುಗ್ಗುತ್ತದೆ. ಅದು ಹಾಳಾದದ್ದಲ್ಲ, ಅದರ ಗುಣವೇ ಹಾಗೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ.

ನಾಸ್‌ನಲ್ಲಿ ಉಂಟು, ವಿಂಡೋಸ್‌ನಲ್ಲಿ ಇಲ್ಲ

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದಾಳಿ ಪ್ರಪಂಚದ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕೆಡಿಸಿತು. ಎಸ್‌ಎಂಬಿ1 ಎಂಬ ಹಳೇ ಫೈಲ್ ಹಂಚಿಕೆ ವಿಧಾನದಲ್ಲಿದ್ದ ದೋಷವೇ ಅದಕ್ಕೆ ದಾರಿ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಎಸ್‌ಎಂಬಿ1 ಅನ್ನು ಜೊತೆಗೆ ಹಾಕುದನ್ನೇ ನಿಲ್ಲಿಸಿತು. ನಿಮ್ಮ ಹಳೇ ರೌಟರ್‌ಗೆ ಎಸ್‌ಎಂಬಿ1 ಮಾತ್ರ ಗೊತ್ತಿದ್ರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಕಾಣುದಿಲ್ಲ.

ಇದಕ್ಕೆ ವಿಂಡೋಸ್‌ನಲ್ಲಿ ಎಸ್‌ಎಂಬಿ1 ಮತ್ತೆ ಆನ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಮಾಡ್ಬೇಡಿ. ಅದು ಬೀಗ ಕೆಟ್ಟ ಬಾಗಿಲನ್ನು ಮತ್ತೆ ತೆರೆದಿಟ್ಟ ಹಾಗೆ. ನಾಸ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ2 ಅಥವಾ 3 ಆಯ್ಕೆ ಮಾಡಿ. ಹೊಸ ವಿಂಡೋಸ್ 11ರಲ್ಲಿ ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶವೂ ಹೆಚ್ಚಾಗಿ ನಡಿಯುದಿಲ್ಲ. ನಾಸ್‌ನಲ್ಲಿ ಒಂದು ಹೆಸರು, ಪಾಸ್‌ವರ್ಡ್ ಮಾಡಿ ಅದನ್ನೇ ಕೊಡಿ. ರೌಟರ್‌ನಲ್ಲಿ ನಾಸ್‌ಗೆ ಒಂದು ಕಾಯಂ ಐಪಿ ವಿಳಾಸ ಕೊಟ್ಟುಬಿಟ್ರೆ ಕರೆಂಟ್ ಹೋಗಿ ಬಂದಾಗೆಲ್ಲ ವಿಳಾಸ ಬದಲಾಗುವ ತಲೆನೋವೂ ತಪ್ತದೆ.

ಹೊರಗಿನವರಿಗೆ ಬಾಗಿಲು ತೆರೀಬೇಡಿ

ಮುಂಬೈಯಲ್ಲೋ ಗಲ್ಫ್‌ನಲ್ಲೋ ಕೂತು ಊರಿನ ಮನೆಯ ಫೋಟೋ ನೋಡ್ಬೇಕು ಅಂತ ರೌಟರ್‌ನಲ್ಲಿ ಪೋರ್ಟ್ ತೆರೆದಿಡುವವರು ಇದ್ದಾರೆ. 2021ರ ಜೂನ್‌ನಲ್ಲಿ ಇಂಟರ್ನೆಟ್‌ಗೆ ತೆರೆದಿದ್ದ ಮೈ ಬುಕ್ ಲೈವ್ ಪೆಟ್ಟಿಗೆಗಳು ಜಗತ್ತಿನ ಅನೇಕ ಕಡೆ ಒಮ್ಮೆಲೇ ಖಾಲಿಯಾದವು, ಬೇರೆಯವರು ದೂರದಿಂದಲೇ ಅಳಿಸಿದ್ದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಹಣ ಸುಲಿಗೆಯ ತಂತ್ರಾಂಶ ಕ್ಯೂನ್ಯಾಪ್ ನಾಸ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ನಾಸ್ ಮನೆಯೊಳಗಿನ ನೆಟ್‌ವರ್ಕ್‌ಗೆ ಮಾತ್ರ ಇರ್ಲಿ. ಹೊರಗಿಂದ ಬೇಕೇ ಬೇಕಾದ್ರೆ ವಿಪಿಎನ್ ಹಾಕಿಸಿ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಹಣದ ವಂಚನೆ ಆದ್ರೆ ಕೂಡಲೇ 1930ಕ್ಕೆ ಕರೆ ಮಾಡಿ.

ಸಿಡಿಲು, ಉಪ್ಪು ಗಾಳಿ, ನೀರು

ನಮ್ಮ ಜಿಲ್ಲೆಗೆ ಇದು ಬೇರೆಯೇ ವಿಷಯ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆ ಸಿಡಿಲಿಗೆ ಕರೆಂಟ್ ಬಂದು ಹೋಗಿ ಮಾಡ್ತದೆ. ಬರೆಯುತ್ತಿದ್ದ ಡಿಸ್ಕ್‌ಗೆ ಅದೇ ದೊಡ್ಡ ಪೆಟ್ಟು. ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಉಂಟು, ಆದರೆ ಅದು ಬದಲಾಗುವ ಕ್ಷಣದಲ್ಲಿ ನಾಸ್ ಆಫ್ ಆಗಿಬಿಡಬಹುದು. ಇನ್ವರ್ಟರ್‌ನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ರೆ ಅದರಲ್ಲಿಡಿ. ಇಲ್ಲದಿದ್ರೆ ನಾಸ್, ಡಿಸ್ಕ್, ರೌಟರ್ ಮೂರಕ್ಕೂ ಸೇರಿಸಿ ಒಂದು ಸಣ್ಣ ಯುಪಿಎಸ್ ಹಾಕಿ. ನಾಸ್‌ಗೆ ಮಾತ್ರ ಹಾಕಿ ಡಿಸ್ಕ್ ಅಡಾಪ್ಟರನ್ನು ಗೋಡೆಗೆ ಸಿಕ್ಕಿಸಿದ್ರೆ ಪ್ರಯೋಜನ ಇಲ್ಲ. ಜೋರು ಗುಡುಗು ಇರುವಾಗ ಇಜೆಕ್ಟ್ ಮಾಡಿ, ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ತೆಗೆದಿಡುದು ಒಳ್ಳೇದು.

ಕಾಪು, ಮಲ್ಪೆ ಕಡೆಯ ಕಡಲ ಬದಿಯ ಮನೆಗಳಲ್ಲಿ ಉಪ್ಪು ಗಾಳಿಗೆ ಯುಎಸ್‌ಬಿ ತುದಿಗಳು ಹಸಿರು ಕಟ್ಟುತ್ತವೆ. ಬಳಸದ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಂಗಡಿ ತಗ್ಗಿನಲ್ಲಿದ್ರೆ ನಾಸನ್ನು ನೆಲದ ಮೇಲೆ, ಕೌಂಟರ್ ಅಡಿಯಲ್ಲಿ ಇಡ್ಬೇಡಿ. 2020ರ ಸೆಪ್ಟೆಂಬರ್‌ನ ಮಳೆಗೆ ಉಡುಪಿ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿರ್ಲಿಕ್ಕಿಲ್ಲ.

ದೊಡ್ಡ ಡಿಸ್ಕ್ ಅಂದ್ರೆ ಬ್ಯಾಕಪ್ ಅಲ್ಲ

ಎಲ್ಲಕ್ಕಿಂತ ಮುಖ್ಯ ಮಾತು ಇದು. ಹತ್ತು ಸಣ್ಣ ಡಿಸ್ಕ್‌ಗಳಲ್ಲಿದ್ದದ್ದನ್ನು ಒಂದು 8 ಟಿಬಿ ಡಿಸ್ಕ್‌ಗೆ ಸೇರಿಸಿ ಹಳೆಯವನ್ನು ಅಳಿಸಿದ್ರೆ, ಮೊದಲು ಒಂದು ಡಿಸ್ಕ್ ಹೋದ್ರೆ ಒಂದು ಪಾಲು ಹೋಗುತ್ತಿತ್ತು, ಈಗ ಇಡೀ ಬದುಕೇ ಹೋಗ್ತದೆ. ನಾಸ್ ಒಳಗೆ ಎರಡು ಡಿಸ್ಕ್ ಜೋಡಿ ಮಾಡಿದ ರೇಯ್ಡ್ ಇದ್ರೂ ಸಾಲದು. ಅದು ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದ ಹಾಗೆ ನೋಡ್ತದೆ ಅಷ್ಟೆ. ತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಒಟ್ಟಿಗೇ ಅಳೀತದೆ, ಸಿಡಿಲು ಎರಡಕ್ಕೂ ಒಟ್ಟಿಗೇ ಬಡೀತದೆ.

ಫೋಟೋಗ್ರಾಫರ್‌ಗಳಲ್ಲಿ ರೂಢಿಯಾದ ಸೂತ್ರ 3-2-1. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಕಾರ್ಕಳದ ಸ್ಟುಡಿಯೋದವರು ಒಂದು ಪ್ರತಿ ನಾಸ್ ಒಳಗೆ, ಇನ್ನೊಂದು ಅದಕ್ಕೆ ಸಿಕ್ಕಿಸಿದ ಹೊರ ಡಿಸ್ಕ್‌ನಲ್ಲಿ, ಮತ್ತೊಂದು ಡಿಸ್ಕ್ ಮಣಿಪಾಲದ ನೆಂಟರ ಮನೆಯ ಕಪಾಟಿನಲ್ಲಿ ಇಟ್ರೆ ಆಯ್ತು. ತಿಂಗಳಿಗೊಮ್ಮೆ ಹೊರ ಡಿಸ್ಕ್‌ಗಳನ್ನು ಅದಲು ಬದಲು ಮಾಡಿ.

ಬೆಲೆ ಏನು ಅಂತ ಕೇಳುವವರಿಗೆ ಒಂದು ಮಾತು. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡ್ಬೇಕು. ಡಿಸ್ಕ್ ಹೋಯ್ತು ಅಂದ್ರೆ ಅದು ಉತ್ತರ ಆಗುದಿಲ್ಲ. ಇನ್ನು 2015ರ ಕಾರ್ಕಳದ ಮಹಾಮಸ್ತಕಾಭಿಷೇಕವನ್ನೋ ತೀರಿಹೋದ ಅಜ್ಜನ ಅರ್ಥಗಾರಿಕೆಯನ್ನೋ ಮತ್ತೆ ಚಿತ್ರೀಕರಿಸ್ಲಿಕ್ಕೆ ಆಗ್ತದಾ? 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ ಪ್ರೊ. ಬಿ.ಎ. ವಿವೇಕ ರೈ, ಪ್ರೊ. ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ದಾಖಲಿಸಿತು. 15,683 ಸಾಲು. 1998ರಲ್ಲಿ ಅದು ಅಚ್ಚಾಗಿ ದೇಶ ವಿದೇಶದ ಗ್ರಂಥಾಲಯಗಳಿಗೆ ಹೋಯಿತು. ಈಗ ಒಂದು ಟೇಪು ಕೆಟ್ರೂ ಆ ಹಾಡಿನ ಮಾತುಗಳು ಉಳೀತವೆ, ಯಾಕಂದ್ರೆ ಪ್ರತಿಗಳು ಹತ್ತಾರು ಕಡೆ ಉಂಟು.

ಎಲ್ಲ ಒಂದೇ ದಿನ ಮಾಡ್ಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ದಿನಾ ಸ್ವಲ್ಪ ಸ್ವಲ್ಪ ಅಂತಲೇ ಅಲ್ವಾ? ನಾಸ್‌ನ ಬ್ಯಾಕಪ್ ಕೂಡ ಹಾಗೇ. ಮೊದಲ ಸಲ ಎಲ್ಲ ಹೋಗ್ತದೆ, ಆಮೇಲೆ ದಿನಾ ರಾತ್ರಿ ಹೊಸತು ಮಾತ್ರ. ಟೈಮ್ ಹಾಕಿ ಬಿಟ್ರೆ ತಾನಾಗಿ ಆಗ್ತದೆ. ಟ್ಯಾಲಿ ಬಳಸುವವರು ಚಾಲ್ತಿ ಲೆಕ್ಕವನ್ನು ಕಂಪ್ಯೂಟರ್‌ನಲ್ಲೇ ಇಟ್ಟು, ಬ್ಯಾಕಪ್ ಮಾತ್ರ ಹೊರ ಡಿಸ್ಕ್‌ಗೆ ಕಳಿಸಿ.

ಕೊಳ್ಳುವ ಮೊದಲು, ಸಿಕ್ಕಿಸುವ ಮೊದಲು

1. ನಾಸ್ ಅಥವಾ ರೌಟರ್‌ನ ಮಾಡೆಲ್ ನಂಬ್ರ ಬರಕೊಂಡು ಅಂಗಡಿಗೆ ಹೋಗಿ. ಎಷ್ಟು ಟಿಬಿ, ಯಾವ ಫೈಲ್ ಸಿಸ್ಟಂ ಒಪ್ತದೆ ಅಂತ ಕಂಪನಿಯ ಪುಟದಲ್ಲಿ ನೋಡಿ.
2. 5 ಟಿಬಿಗಿಂತ ದೊಡ್ಡದಾದ್ರೆ ಅಡಾಪ್ಟರ್ ಇರುವ ಡಿಸ್ಕನ್ನೇ ಕೇಳಿ.
3. ನಾಸ್‌ನ ಫರ್ಮ್‌ವೇರ್ ಹೊಸತು ಮಾಡಿ.
4. ಖಾಲಿ ಡಿಸ್ಕನ್ನು ಜಿಪಿಟಿಯಲ್ಲಿ ಫಾರ್ಮ್ಯಾಟ್ ಮಾಡಿ. ಖಾಲಿ ಹೌದಾ ಅಂತ ಎರಡು ಸಲ ನೋಡಿ.
5. 4 ಜಿಬಿ ಮೀರಿದ ಒಂದು ಫೈಲ್ ಹಾಕಿ, ಇಜೆಕ್ಟ್ ಮಾಡಿ, ಮತ್ತೆ ಸಿಕ್ಕಿಸಿ, ತೆರೆದು ನೋಡಿ.
6. ಅದು ಸರಿ ಇದ್ರೆ ಮಾತ್ರ ಉಳಿದದ್ದು ಹಾಕಿ. ಹಳೇ ಡಿಸ್ಕ್‌ಗಳನ್ನು ಕೂಡಲೇ ಅಳಿಸ್ಬೇಡಿ.
7. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಫೈಲ್ ವಾಪಸ್ ತೆಗೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಡಿಸ್ಕ್ ಒಳಗಿಂದ ಕಟಕಟ ಸದ್ದು ಬಂದ್ರೆ ಮಾತ್ರ ಇದ್ಯಾವುದನ್ನೂ ಮಾಡ್ಲಿಕ್ಕೆ ಹೋಗ್ಬೇಡಿ. ಕರೆಂಟ್ ತೆಗೆದು ತಿಳಿದವರ ಕೈಗೆ ಕೊಡಿ. ಪದೇ ಪದೇ ಆನ್ ಮಾಡಿ ನೋಡಿದಷ್ಟೂ ಒಳಗಿದ್ದದ್ದು ವಾಪಸ್ ಸಿಗುದು ಕಷ್ಟ ಆಗ್ತದೆ.